ಆಧಾರ ಕೇಳಿದ ಕಾರು

ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ಬಂದವಳು ನಾನು. "ಯಾರೋ ಹೇಳಿದರೆಂದು ನಂಬಬೇಡಿ, ಆಧಾರ ಕೇಳಿ" ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದ್ದೇನೆ. ಆ ಮಾತು ನನ್ನ ಕೈಹಿಡಿದದ್ದು ಹಳೆಯ ಕಾರೊಂದನ್ನು ಕೊಳ್ಳಲು ಹೊರಟಾಗ.

ಕಾರು ಬೇಕಾದದ್ದು ಅಮ್ಮನಿಗಾಗಿ. ಎಂಬತ್ತು ದಾಟಿದ ಅವಳ ಮಂಡಿಗಳು ನಮ್ಮ ಪುಟ್ಟ ಕಾರಿನೊಳಗೆ ತಗ್ಗಿ ಕೂರಲು ಒಪ್ಪುತ್ತಿರಲಿಲ್ಲ. ಮನೆಯ ಏರುದಾರಿಯ ಕಲ್ಲುಗಳೂ ಅದರ ತಳ ಉಜ್ಜುತ್ತಿದ್ದವು. ಸೀಟು ಎತ್ತರವಿರುವ, ಪೇಟೆಯ ಓಣಿಯಲ್ಲೂ ತಿರುಗಿಸಬಹುದಾದ ಸಣ್ಣ ಎಸ್‌ಯುವಿ ಆಗಬೇಕಿತ್ತು. ಹೊಸದಕ್ಕೆ ಸಾಲ ಮಾಡುವ ವಯಸ್ಸು ನನ್ನದಲ್ಲ.

ಅಭ್ಯಾಸಬಲ, ಮೊದಲು ಅದರ ವಂಶಾವಳಿ ನೋಡಿದೆ. ಜೀಪಿನ ಎತ್ತರವನ್ನು ಕಾರಿನ ಒಡಲಿಗೆ ಕೂಡಿಸಿದ ರಾವ್4 ಎಂಬ ಗಾಡಿಯನ್ನು ಟೊಯೋಟಾ ಕಂಪನಿ ಜಪಾನಿನಲ್ಲಿ ಹೊರತಂದದ್ದು 1994ರಲ್ಲಿ. ನಮ್ಮಲ್ಲಿ ಈ ಜಾತಿಯ ಗಾಡಿಯ ಉದ್ದ ನಿಶ್ಚಯಿಸಿದ್ದು ಮಾತ್ರ ತೆರಿಗೆ. ಉದ್ದ ನಾಲ್ಕು ಮೀಟರ್ ಮೀರದ, ಎಂಜಿನ್ ಪೆಟ್ರೋಲಿನದಾದರೆ 1200, ಡೀಸೆಲಿನದಾದರೆ 1500 ಸಿಸಿ ದಾಟದ ಕಾರುಗಳ ಅಬಕಾರಿ ಸುಂಕವನ್ನು 2006ರ ಕೇಂದ್ರ ಬಜೆಟ್ ಶೇಕಡ 24ರಿಂದ 16ಕ್ಕೆ ಇಳಿಸಿತು. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟಿನ ಉದ್ದ 3999 ಮಿಲಿಮೀಟರ್. 2016ರ ವಿಟಾರಾ ಬ್ರೆಝಾದ್ದು 3995! 2017ರಲ್ಲಿ ಜಿಎಸ್‌ಟಿ ಬಂದ ಮೇಲೂ ಆ ನಾಲ್ಕು ಮೀಟರಿನ ಗೆರೆ ಅಳಿಯಲಿಲ್ಲ. ರಾಜ್ಯದ ಗಡಿಗಳನ್ನಷ್ಟೇ ಅಲ್ಲ, ಕಾರಿನ ಬಾಲವನ್ನೂ ಬೊಕ್ಕಸವೇ ಬರೆಯುತ್ತದೆ.

ವ್ಯಾಪಾರಿಯೊಬ್ಬರು 2017ರ ಬ್ರೆಝಾ ತೋರಿಸಿದರು. ಮೀಟರಿನಲ್ಲಿ ನಲವತ್ತೊಂದು ಸಾವಿರ ಕಿಲೋಮೀಟರ್. ಅಮ್ಮ ಸಲೀಸಾಗಿ ಹತ್ತಿ ಕುಳಿತು, "ಇದೇ ಸಾಕು ಮಗಾ" ಎಂದಳು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಬ್ರೇಕ್ ಪೆಡಲಿನ ರಬ್ಬರ್ ಮುಟ್ಟಿ, "ಟೀಚರೇ, ಇಷ್ಟಕ್ಕೇ ಇದು ಹೀಗೆ ಸವೆಯುವುದುಂಟಾ?" ಎಂದು ಪಿಸುಗುಟ್ಟಿದ. ಸರ್ವಿಸಿನ ದಾಖಲೆ ತರಿಸಿದೆವು. 2022ರಲ್ಲೇ ಎಂಬತ್ತಾರು ಸಾವಿರ! ವ್ಯಾಪಾರಿ ಬೆಲೆ ಇಳಿಸಲು ಸಿದ್ಧರಾದರು. ಆದರೆ ಒಂದು ಸುಳ್ಳು ಸಿಕ್ಕಿದ ಮೇಲೆ ಉಳಿದದ್ದನ್ನು ನಂಬುವುದು ಹೇಗೆ? ಅಮ್ಮನನ್ನು ಇಳಿಸಿದೆ. ಅವಳು ಮರುಮಾತಾಡದೆ ಇಳಿದಳು. ಆ ಮೌನವೇ ನನಗೆ ಹೆಚ್ಚು ನೋವಾದದ್ದು. ಮತ್ತೆ ಆರು ವಾರ ಅವಳ ಮಂಡಿ ಆ ಹಳೆಯ ಸೀಟಿನಲ್ಲೇ ನರಳಿತು.

ಕೊನೆಗೆ ಸಿಕ್ಕಿದ್ದು ನಿವೃತ್ತ ನೌಕರರೊಬ್ಬರ ಗಾಡಿ. ಎಡಬಾಗಿಲಲ್ಲಿ ಉದ್ದ ಗೀರು, ಮೀಟರಿನಲ್ಲಿ ಎಪ್ಪತ್ತೆರಡು ಸಾವಿರ. ಆದರೆ ಪ್ರತಿ ಸರ್ವಿಸಿನ ರಸೀದಿಯೂ ತಾರೀಕಿನ ಕ್ರಮದಲ್ಲಿತ್ತು. ಬ್ಯಾಂಕಿನ ಸಾಲ ತೀರಿ, ಆರ್‌ಸಿಯಿಂದ ಅದರ ನಮೂದನ್ನೂ ತೆಗೆಸಿದ್ದರು. ಗೀರು ಬಂದ ಬಗೆಯನ್ನು ಕೇಳುವ ಮೊದಲೇ ಹೇಳಿದರು: "ನನ್ನದೇ ಗೇಟು, ನನ್ನದೇ ತಪ್ಪು." 29 ಮತ್ತು 30ನೆಯ ಫಾರಂಗಳಿಗೆ ಅಲ್ಲೇ ಸಹಿಯಾಯಿತು.

ಗೀರಿಗೆ ನಾನು ಬಣ್ಣ ಬಳಿಸಿಲ್ಲ. ಪ್ರತಿ ಸರ್ವಿಸಿನ ರಸೀದಿಯನ್ನು ಅದೇ ಕಡತಕ್ಕೆ ಸೇರಿಸುತ್ತೇನೆ. ಮುಂದೆ ಇದನ್ನು ಕೊಳ್ಳುವವರ ಮನೆಯಲ್ಲೂ ಒಬ್ಬ ಅಮ್ಮ ಇರಬಹುದಲ್ಲ.