ಬೆಳಗಾವಿ ಕೋಟೆಯ ಶಾಸನಗಳು: ಹೋದವು, ಉಳಿದವು

ಗೋಕಾಕ ಫಾಲ್ಸ್‌ಗೆ ಬಂದವರು ತೂಗುಸೇತುವೆ ದಾಟಿ, ಮಹಾಲಿಂಗೇಶ್ವರ ಗುಡಿಗೆ ಕೈಮುಗಿದು ಹೋಗ್ತಾರೆ. ಈ ಘಟಪ್ರಭೆಯ ಸೀಮೆಯನ್ನು ಆಳಿದ ಸವದತ್ತಿಯ ರಟ್ಟರ ಮುಂದಿನ ರಾಜಧಾನಿ ವೇಣುಗ್ರಾಮ, ಅಂದ್ರೆ ಇಂದಿನ ಬೆಳಗಾವಿ. ಅಲ್ಲಿನ ಕೋಟೆಯ ಕಥೆ ಶಾಸನಪ್ರಿಯರು ತಿಳಿಯಲೇಬೇಕಾದದ್ದು.

ಈಗ ಕಾಣೋ ಕಂದಕ, ಗೋಡೆ, ಬುರುಜುಗಳಲ್ಲಿ ಹೆಚ್ಚಿನವು ನಂತರದ ಅರಸರ ಕಾಲದವು. 1818ರಲ್ಲಿ ಬ್ರಿಟಿಷರು ಪೇಶ್ವೆಯ ಸೈನ್ಯದಿಂದ ಕೋಟೆ ಗೆದ್ದುಕೊಂಡರು. ರಟ್ಟರ ಕಾಲ ತಿಳಿಯೋದು ಕಮಲ ಬಸದಿಯಿಂದ ಮತ್ತು ಶಾಸನಗಳಿಂದ.

1204ರ ಎರಡು ಕನ್ನಡ ಶಾಸನಗಳಿವೆ. ನಾಲ್ಕನೇ ಕಾರ್ತವೀರ್ಯ ರಾಜ, ಮಲ್ಲಿಕಾರ್ಜುನ ಅವನ ತಮ್ಮ. ಮಂತ್ರಿ ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಶುಭಚಂದ್ರ ಭಟ್ಟಾರಕರು ಪಡೆದರು. ವೇಣುಗ್ರಾಮದ ಪೇಟೆಯಲ್ಲಿ ಲಾಳ, ಮಲೆಯಾಳ ವರ್ತಕರೂ ಇದ್ದರು ಅಂತ ಇವುಗಳಿಂದಲೇ ಗೊತ್ತಾಗೋದು. ಆದರೆ ಕಲ್ಲುಗಳು ಇರೋದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಬಾರ್ನೆಟ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದ 13ನೇ ಸಂಪುಟದಲ್ಲಿ ಪ್ರಕಟಿಸಿದ್ದರಿಂದ ಪಾಠವಾದರೂ ನಮ್ಮ ಕೈಗಿದೆ.

ಕೋಟೆಯೊಳಗೇ ಉಳಿದವೂ ಇವೆ. ಸಫಾ ಮಸೀದಿಯ ಎರಡು ಕಂಬಗಳಲ್ಲಿ ನಾಗರಿ ಲಿಪಿಯ ಕನ್ನಡ ಶಾಸನಗಳಿವೆ: ಒಂದು 1199ರದ್ದು, ರಟ್ಟರದು, ಇನ್ನೊಂದು 1261ರದ್ದು, ಸೇವುಣ ಕೃಷ್ಣನ ಕಾಲದ್ದು. ಹಳೆಯ ಕಟ್ಟಡದ ಕಂಬಗಳು ಹೊಸ ಕಟ್ಟಡದ ಭಾರ ಹೊತ್ತು ನಿಂತವು. ಹಾಗಾಗಿ ಅಕ್ಷರವೂ ಉಳಿಯಿತು. ಬಿಡಿಯಾಗಿ ನಿಂತ ಕಲ್ಲನ್ನು ಎತ್ತಿ ಸಾಗಿಸೋದು ಸುಲಭ. ಸೂರು ಹೊತ್ತ ಕಂಬವನ್ನು ಕೀಳೋಕೆ ಬರೋದಿಲ್ಲ.

ಆದ್ದರಿಂದ ಸಂರಕ್ಷಣೆ ಅಂದ್ರೆ ಗೋಡೆ ದುರಸ್ತಿ ಮಾತ್ರ ಅಲ್ಲ, ಕಲ್ಲಿಗೂ ಅದರ ಜಾಗಕ್ಕೂ ಇರುವ ನಂಟು ಕಾಯೋದು. ದತ್ತಿ ಶಾಸನದಲ್ಲಿ ಎಲ್ಲೆ, ದಿಕ್ಕು, ಕೆರೆಗಳ ಹೆಸರು ಬರ್ತವೆ. ಕಲ್ಲು ತನ್ನ ಜಾಗದಲ್ಲೇ ಇದ್ದರೆ ಆ ಎಲ್ಲೆಯನ್ನು ನಡೆದು ನೋಡಬಹುದು. ಸ್ಥಳದ ದಾಖಲೆ ಇಲ್ಲದೆ ಸಾಗಿಸಿದರೆ ಪಾಠ ಸಿಗುತ್ತೆ, ಅದರ ನೆಲ ಸಿಗಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಓಡಾಡುವ ಓದುಗರಿಗೆ ಮೂರು ಮಾತು. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡ್ರಿ. ನಮ್ಮ ತಪ್ಪು ಓದು ಮುಂದಿನವರ ಫೋಟೋದಲ್ಲೂ ಉಳೀತದ. ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ತಗೀರಿ. ಗುಡಿಗೆ ಹೊಸ ನೆಲ ಹಾಕಿಸೋ ಸುದ್ದಿ ಕೇಳಿದರೆ, ಕಲ್ಲಿನ ಕೆಳಗಿನ ಸಾಲುಗಳು ಕಾಂಕ್ರೀಟಿನಲ್ಲಿ ಹೂತು ಹೋಗೋ ಮೊದಲೇ ಊರಿನ ಹಿರಿಯರ ಜೊತೆ ಮಾತಾಡ್ರಿ.