ಹಬ್ಬದ ಹಂಗು: ಕನ್ನಡ ನೆಲದಲ್ಲಿ ಕ್ರಿಸ್ತಜಯಂತಿಯ ಆಚರಣೆ ಮತ್ತು ಭಿನ್ನ ನಿಲುವುಗಳು

ಜನಪದರ ಬದುಕಿನಲ್ಲಿ ಹಬ್ಬವು ಸಂತೋಷದ ಸಂದರ್ಭವಾಗಿರುವಂತೆಯೇ ಹೊಣೆಯ ಸಂದರ್ಭವೂ ಆಗಿದೆ. ಉಡಿಗಾಲ, ತೆರಕಣಾಂಬಿ ಮೊದಲಾದ ಊರುಗಳನ್ನೊಳಗೊಂಡ ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯಲ್ಲಿ ಯುಗಾದಿಗೆ ಹೊಸ ಬಟ್ಟೆ, ಗೌರಿ ಹಬ್ಬಕ್ಕೆ ಮನೆಯ ಹೆಣ್ಣುಮಕ್ಕಳಿಗೆ ಬಾಗಿನ, ಮಾರ್ನಮಿಗೆ ಹಿರಿಯರ ಎಡೆ, ದೀಪಾವಳಿಗೆ ಮಲೆ ಮಹದೇಶ್ವರನ ಪರಸೆ ಎಂಬ ಕ್ರಮವನ್ನು ರೈತಾಪಿ ಕುಟುಂಬಗಳು ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಕೈಬಿಡಲು ಹಿಂಜರಿಯುತ್ತವೆ. ಹಬ್ಬ ಮಾಡದ ಮನೆ ಊರಿನ ಕಣ್ಣಿಗೆ ಸೂತಕದ ಮನೆಯಾಗಿಯೋ ಸೋತ ಮನೆಯಾಗಿಯೋ ಕಾಣುತ್ತದೆ. ಈ ಸಾಮಾಜಿಕ ಒತ್ತಾಯವನ್ನೇ ಇಲ್ಲಿ ‘ಹಬ್ಬದ ಹಂಗು’ ಎಂದು ಕರೆಯಲಾಗಿದೆ. ಕನ್ನಡ ನೆಲಕ್ಕೆ ಹೊರಗಿನಿಂದ ಬಂದ ಕ್ರಿಸ್ತಜಯಂತಿಯು ಈ ಹಂಗಿನೊಳಗೆ ಹೇಗೆ ಸೇರಿಕೊಂಡಿತು, ಅದನ್ನು ಹೇಗೆ ಆಚರಿಸಬೇಕು ಅಥವಾ ಆಚರಿಸಲೇಬೇಕೇ ಎಂಬ ಬಗ್ಗೆ ಯಾವ ಯಾವ ನಿಲುವುಗಳು ಮೂಡಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಭಿನ್ನಮತದ ಹಿನ್ನೆಲೆ

ಡಿಸೆಂಬರ್ 25ರಂದು ಕ್ರಿಸ್ತನ ಜನನವನ್ನು ಸ್ಮರಿಸುವ ಪದ್ಧತಿ ರೋಮಿನಲ್ಲಿ ಕ್ರಿ.ಶ. 4ನೆಯ ಶತಮಾನದ ವೇಳೆಗೆ ರೂಢಿಗೆ ಬಂದಿತ್ತು. ಬೈಬಲಿನಲ್ಲಿ ಜನನದ ದಿನಾಂಕದ ಉಲ್ಲೇಖವಿಲ್ಲ. ಈ ಕಾರಣದಿಂದಲೇ ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ನಂತರ ಹಬ್ಬದ ಸಿಂಧುತ್ವವೇ ಚರ್ಚೆಯ ವಸ್ತುವಾಯಿತು. ಲೂಥರನ ಅನುಯಾಯಿಗಳು ಹಬ್ಬವನ್ನು ಉಳಿಸಿಕೊಂಡರು. ಕ್ಯಾಲ್ವಿನನ ಪರಂಪರೆಯ ಕಟ್ಟುನಿಟ್ಟಿನ ಪಂಥಗಳು ಇದನ್ನು ಶಾಸ್ತ್ರಾಧಾರವಿಲ್ಲದ, ಕುಡಿತ ಮೋಜುಗಳಿಗೆ ದಾರಿಮಾಡುವ ಆಚರಣೆಯೆಂದು ಬಗೆದವು. ಇಂಗ್ಲೆಂಡಿನ ಪ್ಯೂರಿಟನ್ ಪ್ರಾಬಲ್ಯದ ಸಂಸತ್ತು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನು ರದ್ದುಪಡಿಸಿತು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆಯೇ ಹಬ್ಬವೂ ಮರಳಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಈ ಹಬ್ಬವನ್ನು ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನಿತ್ತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜಾದಿನವಾದದ್ದು 1958ರಲ್ಲಿ.

ಇಂದು ಪಾಶ್ಚಾತ್ಯವೆಂದು ಗುರುತಿಸಲಾಗುವ ಉಡುಗೊರೆ, ಅಲಂಕೃತ ಮರ, ಕುಟುಂಬದ ಔತಣಗಳ ಕ್ರಿಸ್ಮಸ್ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ನಿರ್ಮಿತಿ. ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಪ್ರಕಟವಾದದ್ದು 1843ರಲ್ಲಿ. ವಿಕ್ಟೋರಿಯಾ ರಾಣಿಯ ಕುಟುಂಬವು ಹಬ್ಬದ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದದ್ದು 1848ರಲ್ಲಿ. ಕನ್ನಡ ನೆಲಕ್ಕೆ ಮಿಷನರಿಗಳು ಬಂದಾಗ ಅವರೊಡನೆ ಬಂದದ್ದು ಒಂದೇ ಬಗೆಯ ಕ್ರಿಸ್ಮಸ್ ಆಗಿರಲಿಲ್ಲ. ಹಬ್ಬವನ್ನು ಕುರಿತ ತಮ್ಮ ತಮ್ಮ ನಾಡಿನ ತಕರಾರುಗಳನ್ನೂ ಅವರು ಹೊತ್ತು ತಂದಿದ್ದರು.

ಮೈಸೂರು ಮಿಷನ್: ಒಗ್ಗಿಸುವಿಕೆ ಮತ್ತು ಮುಜುಗರ

ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದನು. ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ರೂಪಿಸಿದ ಒಗ್ಗಿಸುವಿಕೆಯ ಮಾರ್ಗವನ್ನು ಮೈಸೂರು ಸೀಮೆಯ ಜೆಸ್ವಿತರೂ ಅನುಸರಿಸಿ ಕಾವಿ ಉಟ್ಟು ಸಂನ್ಯಾಸಿಗಳಂತೆ ಬಾಳಿದರು. ವಿಗ್ರಹಾರಾಧನೆಯನ್ನು ತೊರೆದವನು ತನ್ನ ಕುಲಾಚಾರ, ಉಡುಗೆ, ಊಟಗಳನ್ನು ತೊರೆಯಬೇಕಾಗಿಲ್ಲ ಎಂಬುದು ಈ ಮಾರ್ಗದ ತಿರುಳು. ಇದರ ವಿರುದ್ಧ ಎದ್ದ ವಿವಾದವು 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೊ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆಯಿಂದ ತೀವ್ರಗೊಂಡು, 1744ರ ಪೋಪರ ಶಾಸನದಲ್ಲಿ ಕೊನೆಗೊಂಡಿತು. ಆದರೆ ಆಜ್ಞೆಗಳು ಹಬ್ಬದ ಆಡಂಬರವನ್ನು ಅಳಿಸಲಿಲ್ಲ.

ಇದಕ್ಕೆ ಉತ್ತಮ ಸಾಕ್ಷಿ ಫ್ರೆಂಚ್ ಪಾದ್ರಿ ದುಬಾಯ್. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಯ ಕಥೋಲಿಕರ ನಡುವೆ ಕೆಲಸ ಮಾಡಿ 1823ರಲ್ಲಿ ಹಿಂತಿರುಗಿದ ಈತನು, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ ಎರಡು ಮಾತುಗಳನ್ನು ಮುಂದಿಡುತ್ತಾನೆ. ಪೂಜೆ, ತೀರ್ಥ, ಉಪವಾಸ, ತಿಥಿ, ಮೆರವಣಿಗೆ, ಪ್ರತಿಮೆಗಳಿರುವ ಕಥೋಲಿಕ ಪದ್ಧತಿಯು ಈ ನಾಡಿನ ಜನರಿಗೆ ಹತ್ತಿರವಾದುದು ಎಂಬುದು ಮೊದಲನೆಯದು. ತಮಟೆ ಕಹಳೆಗಳ ಅಬ್ಬರದಲ್ಲಿ ಇರುಳು ಹೊರಡುವ ದೇಶೀ ಕ್ರೈಸ್ತರ ಮೆರವಣಿಗೆಗಳು ತನಗೆ ಸದಾ ನಾಚಿಕೆ ತಂದಿವೆ ಎಂಬುದು ಎರಡನೆಯದು. ಹಬ್ಬದ ಆಕರ್ಷಣೆಯನ್ನು ಬಲ್ಲವನೂ ಅದಕ್ಕೆ ಮುಜುಗರಪಡುವವನೂ ಒಬ್ಬನೇ ಆಗಿರುವುದು ಇಲ್ಲಿ ಗಮನಾರ್ಹ. ದುಬಾಯ್ ನಾಚಿದ ಮೆರವಣಿಗೆ ಇಂದಿಗೂ ನಿಂತಿಲ್ಲ. ಹಳೆ ಮೈಸೂರಿನ ಕಥೋಲಿಕ ಗ್ರಾಮಗಳಲ್ಲಿ ಪಾಲಕ ಸಂತರ ಹಬ್ಬಕ್ಕೆ ‘ತೇರು’ ಎಳೆಯುತ್ತಾರೆ. ಕೆ.ಆರ್. ನಗರ ಬಳಿಯ ಡೋರನಹಳ್ಳಿಯಲ್ಲಿ ಜೂನ್ 13ರಂದು ನಡೆಯುವ ಸಂತ ಅಂತೋಣಿಯವರ ಹಬ್ಬಕ್ಕೆ ಅನ್ಯಧರ್ಮೀಯರೂ ಹರಕೆ ಹೊತ್ತು ಬರುತ್ತಾರೆ. ಊರಹಬ್ಬದ ಸ್ಥಾನ ಸಂತರದಾದರೆ, ಮನೆಹಬ್ಬದ ಸ್ಥಾನ ಕ್ರಿಸ್ತಜಯಂತಿಯದಾಯಿತು.

ಬಾಸೆಲ್ ಮಿಷನ್: ಸಂಯಮದ ಹಬ್ಬ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಹಾಗೂ ಅವರನ್ನು ಅನುಸರಿಸಿ ಬಂದ ಮೋಗ್ಲಿಂಗ್ ಮೊದಲಾದವರು ಜರ್ಮನ್ ಭಾಷಿಕ ಪ್ರದೇಶದ ಪಯಟಿಸ್ಟ್ ಪರಂಪರೆಯಲ್ಲಿ ಬೆಳೆದವರು. ಕ್ರಿಸ್ಮಸ್ ಅವರಿಗೆ ಪ್ರಿಯವಾದ ಹಬ್ಬವೇ. ಆದರೆ ಅದು ಪ್ರಾರ್ಥನೆ, ಸಂಗೀತ, ಕುಟುಂಬಗಳ ಚೌಕಟ್ಟಿನೊಳಗಿನ ಸಂಯಮದ ಹಬ್ಬ. ಮತಾಂತರಗೊಂಡವರು ಜಾತಿಯನ್ನೂ ಭೂತಾರಾಧನೆಯನ್ನೂ ಸಂಪೂರ್ಣವಾಗಿ ತೊರೆಯಬೇಕೆಂದು ಮಿಷನ್ ವಿಧಿಸಿತು. ಶೇಂದಿ ಇಳಿಸುವ ಕಸುಬಿನಿಂದ ಬಂದ ಬಿಲ್ಲವರು ಆ ಕಸುಬನ್ನೇ ಬಿಡಬೇಕಾಯಿತು. ನೇಮ, ಕೋಲ, ಕುಟುಂಬದ ಪರ್ವಗಳಿಂದ ಹೊರಬಂದವರು ಕೊಡುಕೊಳ್ಳುವಿಕೆಯ ಜಾಲದಿಂದಲೂ ಹೊರಬಂದರು. ಮಿಷನ್ನಿನ ನೇಯ್ಗೆ ಮತ್ತು 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಗಳು ಅವರಿಗೆ ಕೂಲಿ ಒದಗಿಸಿದಂತೆ, ಸಭೆಯ ಕ್ರಿಸ್ಮಸ್ ಅವರಿಗೆ ಕಳೆದುಕೊಂಡ ಹಬ್ಬಗಳ ಬದಲಿಯಾಗಿ ಒದಗಿತು.

ಅದೇ ಮಂಗಳೂರಿನ ಕೊಂಕಣಿ ಕಥೋಲಿಕರು ನೆವ್ರಿ, ಕಿಡಿಯೊ, ಕೊಕ್ಕಿಸಾಂಗಳನ್ನು ಒಳಗೊಂಡ ‘ಕುಸ್ವಾರ್’ ತಟ್ಟೆಯನ್ನು ನೆರೆಹೊರೆಗೆ ಹಂಚುತ್ತಾ ಬಂದಿದ್ದಾರೆ. ಒಂದೇ ಪಟ್ಟಣದಲ್ಲಿ ಒಂದು ಕ್ರಿಸ್ಮಸ್ ಒಳಮುಖವಾಗಿಯೂ ಮತ್ತೊಂದು ಹೊರಮುಖವಾಗಿಯೂ ಬೆಳೆಯಿತು ಎನ್ನಬಹುದು.

ಚಾಮರಾಜನಗರ ಸೀಮೆಯ ಹಬ್ಬದ ವ್ಯಾಕರಣ

1997ರಲ್ಲಿ ರೂಪುಗೊಂಡ ಚಾಮರಾಜನಗರ ಜಿಲ್ಲೆಯ ಕ್ರೈಸ್ತ ಜನವಸತಿ ಹೆಚ್ಚಾಗಿ ಅದರ ಪೂರ್ವಭಾಗದಲ್ಲಿದೆ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯ ಕಾಮಗೆರೆ ಒಂದು ಮುಖ್ಯ ಕಥೋಲಿಕ ಕೇಂದ್ರ. ಕಾಡಂಚಿನ ಮಾರ್ಟಳ್ಳಿಯಲ್ಲಿ ತಮಿಳು ಮಾತನಾಡುವ ಕಥೋಲಿಕ ಕುಟುಂಬಗಳು ನೆಲೆಸಿವೆ.

ಕಾಲದ ದೃಷ್ಟಿಯಿಂದ ಕ್ರಿಸ್ತಜಯಂತಿ ಬರುವುದು ರಾಗಿಯ ಸುಗ್ಗಿಯ ಆಸುಪಾಸಿನಲ್ಲಿ, ಧನುರ್ಮಾಸದೊಳಗೆ. ಧನುರ್ಮಾಸದಲ್ಲಿ ಹಿಂದೂ ಮನೆಗಳಲ್ಲಿ ಮದುವೆ ಮೊದಲಾದ ಶುಭಕಾರ್ಯಗಳು ನಡೆಯುವುದಿಲ್ಲ. ಕ್ರಿಸ್ತಜಯಂತಿಗೆ ಮುಂಚಿನ ಆಗಮನಕಾಲದಲ್ಲಿಯೂ ಹಳೆಯ ಕಥೋಲಿಕ ನಿಯಮದಂತೆ ವಿಜೃಂಭಣೆಯ ವಿವಾಹಕ್ಕೆ ನಿರ್ಬಂಧವಿತ್ತು. ನೆರೆಯ ಎರಡು ಧರ್ಮಗಳ ವ್ರತಕಾಲಗಳು ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಮುಂದೆ ಪುಷ್ಯ ಹುಣ್ಣಿಮೆಗೆ ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ ಚಂದ್ರಮಂಡಲದೊಡನೆ ಆರಂಭವಾಗಿ, ಜಾತಿಭೇದವಿಲ್ಲದ ಸಹಭೋಜನವಾದ ಪಂಕ್ತಿಸೇವೆ ನಡೆಯುತ್ತದೆ. ಈ ಸೇವೆಯ ಮಾಂಸಾಹಾರವನ್ನು ಪ್ರಾಣಿಬಲಿಯೆಂದು ನಿರ್ಬಂಧಿಸಲು ಹೊರಟಾಗ ಒಕ್ಕಲಿನವರು ಅದು ಬಲಿಯಲ್ಲ, ಊಟವೆಂದು ವಾದಿಸಿದರು. ಹಬ್ಬದ ರೀತಿಯನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೀಮಿತವಾದುದಲ್ಲ ಎಂಬುದನ್ನು ಇದು ತೋರಿಸುತ್ತದೆ.

ಗೋದಲಿ, ನಕ್ಷತ್ರದ ದೀಪ, ನಡುರಾತ್ರಿಯ ಬಲಿಪೂಜೆಗಳು ಕ್ರಿಸ್ತಜಯಂತಿಯ ಧಾರ್ಮಿಕ ಅಂಗಗಳು. ಮನೆಗೆ ಸುಣ್ಣ ಬಳಿಯುವುದು, ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವುದು, ಕೊಟ್ಟ ಹೆಣ್ಣುಮಕ್ಕಳನ್ನು ಕರೆಸುವುದು, ಕಜ್ಜಾಯ ಚಕ್ಕುಲಿ ಕರಿಯುವುದು, ನೆಂಟರಿಗೆ ಬಾಡೂಟ ಹಾಕುವುದು, ನೆರೆಮನೆಗಳಿಗೆ ತಿಂಡಿ ಬೀರುವುದು ಇವು ಯುಗಾದಿ, ಗೌರಿ, ಸಂಕ್ರಾಂತಿಗಳಿಂದ ಬಂದ ಅಂಗಗಳು. ಹಬ್ಬದ ಖರ್ಚು ಹುಟ್ಟುವುದು ಮುಖ್ಯವಾಗಿ ಈ ಎರಡನೆಯ ಗುಂಪಿನಿಂದ. ನಗರಗಳ ಅಂಗಡಿಗಳು ಈಚಿನ ದಶಕಗಳಲ್ಲಿ ಇದಕ್ಕೆ ಕೇಕು, ಮರ, ಉಡುಗೊರೆಗಳನ್ನು ಸೇರಿಸಿವೆಯೇ ಹೊರತು ಹಂಗನ್ನು ಹೊಸದಾಗಿ ಸೃಷ್ಟಿಸಿಲ್ಲ.

ಬೀರುವ ಹಕ್ಕು, ಬೀರದಿರುವ ಹಕ್ಕು

ನೆರೆಮನೆಗೆ ಹೋಗುವುದು ಅನ್ನವಲ್ಲ, ಕರಿದ ತಿಂಡಿ ಅಥವಾ ಹಣ್ಣು ಎಂಬುದರ ಹಿಂದೆ ಜಾತಿಯ ನಿಯಮವಿದೆ. ಬೇಯಿಸಿದ ಅನ್ನವನ್ನು ಸ್ವೀಕರಿಸದ ಮನೆಯೂ ಕರಿದ ತಿಂಡಿಯನ್ನು ಸ್ವೀಕರಿಸಬಲ್ಲದು. ಅಸ್ಪೃಶ್ಯತೆಯ ನೋವುಂಡ ಸಮುದಾಯಗಳಿಂದ ಬಂದ ಕ್ರೈಸ್ತರಿಗೆ ಅದೂ ಸುಲಭವಲ್ಲ. ಆದುದರಿಂದ ತಮ್ಮ ಮನೆಯ ತಟ್ಟೆಯನ್ನು ಮತ್ತೊಂದು ಮನೆ ಸ್ವೀಕರಿಸಿ, ಸಂಕ್ರಾಂತಿಗೆ ಎಳ್ಳುಬೆಲ್ಲ ತುಂಬಿ ಹಿಂದಿರುಗಿಸುವುದು ಅವರಿಗೆ ಊರಿನ ಮಾನ್ಯತೆಯ ಗುರುತು. ಸಾಲ ಮಾಡಿಯಾದರೂ ಹಬ್ಬ ಮಾಡುವ ಬಡವರನ್ನು ದುಂದುಗಾರರೆಂದು ಜರೆದ ಸುಧಾರಕರು ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇದಕ್ಕೆ ವಿರುದ್ಧವಾದ ಒತ್ತಡವೂ ಇದೆ. 1950ರ ಸಂವಿಧಾನ (ಅನುಸೂಚಿತ ಜಾತಿಗಳು) ಆದೇಶವು ಈ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಿಲ್ಲ. ಬಾಗಿಲಿಗೆ ನಕ್ಷತ್ರ ಕಟ್ಟುವುದು ದಲಿತ ಕುಟುಂಬವೊಂದಕ್ಕೆ ಅಲಂಕಾರ ಮಾತ್ರವಾಗಿ ಉಳಿಯದೆ, ಸೌಲಭ್ಯದ ಪ್ರಶ್ನೆಗೆ ತಗುಲುವ ಸಾರ್ವಜನಿಕ ಘೋಷಣೆಯೂ ಆಗಿಬಿಡುತ್ತದೆ. ಮೂರನೆಯ ನಿಲುವು ಯೆಹೋವನ ಸಾಕ್ಷಿಗಳು ಹಾಗೂ ಕೆಲವು ಪೆಂತೆಕೊಸ್ತ ಸಭೆಗಳದು. ಇವರು ಶಾಸ್ತ್ರಾಧಾರವಿಲ್ಲವೆಂದು ಹಬ್ಬವನ್ನೇ ಒಪ್ಪುವುದಿಲ್ಲ. 1647ರ ಇಂಗ್ಲೆಂಡಿನ ವಾದ ಇಲ್ಲಿ ಕನ್ನಡದಲ್ಲಿ ಮರುದನಿಗೊಳ್ಳುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಹಬ್ಬ ಬಿಡಿಸಿದ್ದು ಪ್ರಭುತ್ವ. ಇಲ್ಲಿ ಹಬ್ಬ ಬಿಡುವವನು ನೆಂಟರ, ನೆರೆಯವರ ನಡುವೆ ಒಬ್ಬಂಟಿಯಾಗುವ ಬೆಲೆಯನ್ನು ತಾನೇ ತೆರುತ್ತಾನೆ.

ಉಪಸಂಹಾರ

ಕನ್ನಡ ನೆಲದ ಕ್ರಿಸ್ತಜಯಂತಿಯನ್ನು ಪಾಶ್ಚಾತ್ಯ ಅನುಕರಣೆಯೆಂದು ನೋಡುವ ದೃಷ್ಟಿಯೂ, ಶುದ್ಧ ಧಾರ್ಮಿಕ ಸ್ಮರಣೆಯೆಂದು ನೋಡುವ ದೃಷ್ಟಿಯೂ ಅಪೂರ್ಣ. ಅದರ ಕಥನ ಬೆತ್ಲೆಹೇಮಿನದು, ತಕರಾರು ಯೂರೋಪಿನದು, ಹಂಗು ಮಾತ್ರ ಅಪ್ಪಟ ಕನ್ನಡ ಹಬ್ಬದ್ದು. ಹಬ್ಬ ಹೊರೆಯಾಗಬಾರದೆಂಬ ಕಾಳಜಿ ಸಾಧುವಾದುದೇ. ಆದರೆ ಹಬ್ಬವನ್ನು ಸರಳಗೊಳಿಸುವಾಗ ನೆರೆಮನೆಗೆ ಹೋಗುವ ತಟ್ಟೆಯನ್ನೇ ಮೊದಲು ಕೈಬಿಟ್ಟರೆ, ಖರ್ಚಿನೊಡನೆ ಸಂಬಂಧವೂ ಕಡಿಮೆಯಾಗುತ್ತದೆ. ಚಾಮರಾಜನಗರ ಸೀಮೆಯ ಹಬ್ಬಗಳನ್ನು ಧರ್ಮವಾರು ವಿಂಗಡಿಸಿ ದಾಖಲಿಸುವ ಕ್ರಮವನ್ನು ಬಿಟ್ಟು, ಯಾವ ಮನೆಯ ತಿಂಡಿ ಯಾವ ಮನೆಗೆ ಹೋಗುತ್ತದೆ, ಯಾವ ಮನೆಗೆ ಹೋಗುವುದಿಲ್ಲ ಎಂಬುದರ ಜಾಡು ಹಿಡಿದು ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ಅಗತ್ಯ ಕಾರ್ಯವಾಗಿದೆ.