ಹರಿಗೋಲು ಮತ್ತು ಲಂಗರುಗಲ್ಲು

ದುರ್ಗಿಗುಡಿಯಿಂದ ತುಂಗೆಯ ದಂಡೆ ದೂರವಲ್ಲ. ಆದರೆ ಅಲ್ಲಿ ಪ್ರಾಚೀನ ಲಂಗರುಗಳನ್ನು ಅರಸುವ ಇತಿಹಾಸಾಭ್ಯಾಸಿಯು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ಕಾರಣವು ನಮ್ಮ ಹೊಳೆಯ ದೋಣಿಯ ರಚನೆಯಲ್ಲಿಯೇ ಇದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ಜನರು ಅಲ್ಲಿಯ ಹೊಳೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತ ಸುತ್ತುತ್ತ ಸಾಗುವ ಈ ವಾಹನವೇ ನಮ್ಮ ಹರಿಗೋಲು. ನೀರಿನಲ್ಲಿಯೇ ಬಿಟ್ಟರೆ ತೊಗಲು ಕೊಳೆಯುವುದರಿಂದ, ಕೆಲಸ ಮುಗಿದೊಡನೆ ಇದನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದರು. ದಡವೇರುವ ದೋಣಿಗೆ ಲಂಗರಿನ ಹಂಗೇಕೆ?

ಕಡಲಿನ ಮಾತು ಬೇರೆ. ಅಲ್ಲಿ ನೀರಿನ ಮೇಲೆಯೇ ರಾತ್ರಿ ಕಳೆಯಬೇಕಾದ ದೋಣಿಗೆ ತಳದ ಹಿಡಿತ ಬೇಕು. ತ್ರಿಕೋನಾಕಾರದ ಪ್ರಾಚೀನ ಲಂಗರುಗಲ್ಲಿನಲ್ಲಿ ಮೂರು ರಂಧ್ರಗಳಿರುತ್ತವೆ: ಮೇಲಿನದು ಹಗ್ಗಕ್ಕೆ, ಕೆಳಗಿನ ಎರಡು ಮರದ ಗೂಟಗಳಿಗೆ. ಕಲ್ಲಿನ ಭಾರವೊಂದೇ ಸಾಲದು. ಗೂಟಗಳು ಮರಳನ್ನು ಕಚ್ಚಬೇಕು. ಹಗ್ಗವನ್ನೂ ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದವಾಗಿ ಬಿಡಬೇಕು. ಗಿಡ್ಡವಾದರೆ ಅಲೆಯು ದೋಣಿಯನ್ನೆತ್ತಿದಾಗ ಕಲ್ಲೂ ಮೇಲೇಳುವುದು.

ಇಂತಹ ಕಲ್ಲುಗಳಿಂದ ಇತಿಹಾಸವನ್ನು ಓದಲೆತ್ನಿಸಿದವರಲ್ಲಿ ಪ್ರಮುಖರಾದ ಎಸ್. ಆರ್. ರಾವ್ ಅವರು 1922ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿದವರೆಂಬುದು ಸಂತೋಷದ ಸಂಗತಿ. ಗುಜರಾತಿನ ಲೋಥಲಿನಲ್ಲಿ ದೊರೆತ ಸುಮಾರು 214 ಮೀಟರು ಉದ್ದದ ಇಟ್ಟಿಗೆಯ ಕಟ್ಟಡವನ್ನು ಅವರು ಹಡಗುಕಟ್ಟೆಯೆಂದು ನಿರ್ಣಯಿಸಿದರು. ಅಲ್ಲಿಯ ರಂಧ್ರವುಳ್ಳ ಕಲ್ಲುಗಳನ್ನು ಲಂಗರುಗಳೆಂದರು. 1968ರಲ್ಲಿ ಲೆಶ್ನಿಕ್ ಎಂಬ ವಿದ್ವಾಂಸರು ಅದು ಕೇವಲ ನೀರಿನ ಕೊಳವೆಂದು ವಾದಿಸಿದರು. 1980ರ ದಶಕದಲ್ಲಿ ದ್ವಾರಕೆಯ ಕಡಲತಳದಲ್ಲಿ ರಾವ್ ಅವರ ತಂಡಕ್ಕೆ ದೊರೆತವುಗಳು ಲಂಗರುಗಳೆಂಬುದರಲ್ಲಿ ಸಂದೇಹವಿಲ್ಲ. ವಿವಾದವಿರುವುದು ಕಾಲದ ಬಗೆಗೆ. ರಾವ್ ಅವರು ಹರಪ್ಪಾ ಸಂಸ್ಕೃತಿಯ ಅಂತ್ಯಕಾಲವನ್ನು ಸೂಚಿಸಿದರೆ, ನಂತರದ ಶೋಧಕರು ಅವುಗಳಲ್ಲಿ ಅನೇಕವನ್ನು ಬಹಳ ಈಚಿನವೆಂದು ಭಾವಿಸಿದ್ದಾರೆ. ಒಂದೇ ಆಕೃತಿಯು ಶತಮಾನಗಳವರೆಗೆ ಉಳಿದುಬರುವುದರಿಂದ, ಆಕೃತಿಯೊಂದನ್ನೇ ನಂಬಿ ಕಾಲನಿರ್ಣಯ ಮಾಡುವುದು ಸಾಧುವಲ್ಲವೆಂದು ನಮಗೆ ತೋರುತ್ತದೆ.

ಮಲೆನಾಡಿನ ವಿದ್ಯಾರ್ಥಿಗಳಿಗಂತೂ ಈ ಎಚ್ಚರ ಅವಶ್ಯ. ನಮ್ಮ ತೋಟಗಳ ಬಾಯಲ್ಲಿ ಉಣಗೋಲು ತೂರಿಸಲು ನೆಟ್ಟ ಕಂಬಗಳಲ್ಲಿಯೂ ಸಾಲುರಂಧ್ರಗಳಿರುತ್ತವೆ. ಅಂತಹ ಕಲ್ಲು ಹೊಳೆಯ ಪಾತ್ರದಲ್ಲಿ ಬಿದ್ದಿದ್ದರೆ, ರಂಧ್ರದ ಅಂಚಿನಲ್ಲಿ ಹಗ್ಗ ಉಜ್ಜಿದ ಸವೆತವುಂಟೇ, ಕಂಬದಂತೆ ಹೂಳುವುದಕ್ಕಾಗಿ ಬುಡವನ್ನು ಒರಟಾಗಿಯೇ ಬಿಟ್ಟಿದೆಯೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.